ಪುಟ್ಟ ಜೆಟ್ಟಿನ ದೊಡ್ಡ ಲೆಕ್ಕ: ಬಿಲ್ ಲಿಯರ್

ಮಕ್ಕಳೇ, ಮೊದಲು ಒಂದು ಸುಲಭವಾದ ಲೆಕ್ಕ ಮಾಡೋಣ. ರಾಜಾಜಿನಗರದ ಒಂದು ಮನೆಯವರು ತುಮಕೂರಿಗೆ ಮದುವೆಗೆ ಹೋಗಬೇಕು. ಮೂವರೇ ಇದ್ದರೆ ಒಂದು ಕಾರು ಸಾಕು. ಹನ್ನೆರಡು ಜನರಿದ್ದರೆ ಟೆಂಪೊ ಬೇಕು. ಐವತ್ತು ಜನರಿದ್ದರೆ ಬಸ್ಸನ್ನೇ ಗೊತ್ತು ಮಾಡಬೇಕು. ಮೂವರಿಗಾಗಿ ಬಸ್ಸು ತಂದರೆ ಡೀಸೆಲ್ ದಂಡ. ಮದುವೆ ಮನೆ ಕಿರಿದಾದ ಓಣಿಯಲ್ಲಿದ್ದರೆ ಆ ಬಸ್ಸು ಬಾಗಿಲವರೆಗೆ ಹೋಗುವುದೂ ಇಲ್ಲ. ಹಾಗಾದರೆ ಕಾರು, ಟೆಂಪೊ, ಬಸ್ಸು ಇವುಗಳಲ್ಲಿ ಯಾವುದು ಒಳ್ಳೆಯದು? ಎಷ್ಟು ಜನ, ಎಷ್ಟು ದೂರ, ಎಂಥ ದಾರಿ ಎಂದು ತಿಳಿಯದೆ ಈ ಪ್ರಶ್ನೆಗೆ ಉತ್ತರ ಹೇಳಲು ಆಗುವುದಿಲ್ಲ, ಅಲ್ಲವೇ?

ವಿಮಾನಗಳ ವಿಷಯದಲ್ಲಿಯೂ ಹೀಗೆಯೇ. ಬೆಂಗಳೂರಿನ ಪೂರ್ವ ಭಾಗದಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣವಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಹೊಸ ನಿಲ್ದಾಣ ಆರಂಭವಾದಾಗ ಟಿಕೆಟ್ ಕೊಂಡು ಹೋಗುವ ಪ್ರಯಾಣಿಕರ ದೊಡ್ಡ ವಿಮಾನಗಳು ಅಲ್ಲಿಗೆ ಹೋದವು. ಆದರೂ ಹಳೆಯ ನಿಲ್ದಾಣದಲ್ಲಿ ಪುಟ್ಟ ಜೆಟ್ ವಿಮಾನಗಳು ಇಳಿಯುತ್ತವೆ, ಏರುತ್ತವೆ. ಅವುಗಳಲ್ಲಿ ನೂರಾರು ಆಸನಗಳಿರುವುದಿಲ್ಲ. ಆರು, ಎಂಟು ಅಥವಾ ಹತ್ತು ಜನರಿಗೆ ಮಾತ್ರ ಸ್ಥಳ. ಕಂಪನಿಗಳು ಮತ್ತು ಶ್ರೀಮಂತ ಮಾಲೀಕರು ತಮ್ಮ ಕೆಲಸಕ್ಕೆಂದು ಇಟ್ಟುಕೊಳ್ಳುವ ಇಂಥ ವಿಮಾನಗಳಿಗೆ ಬಿಸಿನೆಸ್ ಜೆಟ್ ಎಂದು ಹೆಸರು. ಇವುಗಳಲ್ಲಿ ಚಿಕ್ಕವು, ಮಧ್ಯಮ ಗಾತ್ರದವು, ದೊಡ್ಡವು ಎಂಬ ಬಗೆಗಳಿವೆ.

ಇಂಥ ಪುಟ್ಟ ಜೆಟ್‌ಗಳನ್ನು ಜಗತ್ತಿಗೆ ಪರಿಚಯ ಮಾಡಿಸಿದವರಲ್ಲಿ ಬಹು ದೊಡ್ಡ ಹೆಸರು ಬಿಲ್ ಲಿಯರ್ ಅವರದು. ವಿಮಾನದಲ್ಲಿ ಏನಿರಬೇಕು, ಏನನ್ನು ಬಿಡಬೇಕು ಎಂಬ ಒಂದೇ ಲೆಕ್ಕದ ಮೇಲೆ ಅವರು ತಮ್ಮ ಆಸ್ತಿಯನ್ನು ಪಣಕ್ಕಿಟ್ಟರು. ಆ ಲೆಕ್ಕ ಒಮ್ಮೆ ಗೆದ್ದಿತು, ಇನ್ನೊಮ್ಮೆ ಸೋತಿತು. ಅವರ ಕಥೆಯನ್ನು ಓದೋಣ ಬನ್ನಿ.

ಶಾಲೆ ಬಿಟ್ಟ ಹುಡುಗ

ವಿಲಿಯಂ ಪೊವೆಲ್ ಲಿಯರ್ ಹುಟ್ಟಿದ್ದು 1902ರ ಜೂನ್ 26ರಂದು, ಅಮೆರಿಕದ ಮಿಸೌರಿ ರಾಜ್ಯದ ಹ್ಯಾನಿಬಲ್ ಎಂಬ ಊರಿನಲ್ಲಿ. ಮನೆಯಲ್ಲಿ ನೆಮ್ಮದಿ ಇರಲಿಲ್ಲ. ತಂದೆ ತಾಯಿ ಬೇರೆಯಾದರು. ಹುಡುಗ ತಾಯಿಯೊಂದಿಗೆ ಷಿಕಾಗೊ ನಗರದಲ್ಲಿ ಬೆಳೆದ. ಎಂಟನೆಯ ತರಗತಿ ಮುಗಿದ ಮೇಲೆ ಶಾಲೆಯ ಓದು ನಿಂತುಹೋಯಿತು. ಆದರೆ ಕಲಿಯುವುದು ನಿಲ್ಲಲಿಲ್ಲ. ತಂತಿ, ಬ್ಯಾಟರಿ, ರೇಡಿಯೊ ಕಂಡರೆ ಅವನಿಗೆ ಊಟ ತಿಂಡಿಯ ನೆನಪೇ ಇರುತ್ತಿರಲಿಲ್ಲ. ಹದಿಹರೆಯದಲ್ಲಿ ಅಮೆರಿಕದ ನೌಕಾಪಡೆಗೆ ಸೇರಿ ಅಲ್ಲಿ ರೇಡಿಯೊ ವಿದ್ಯೆಯನ್ನು ಚೆನ್ನಾಗಿ ಕಲಿತ.

ಆಗಿನ ರೇಡಿಯೊಗಳು ಎಷ್ಟು ದೊಡ್ಡವು ಗೊತ್ತೇ? ಮೇಜಿನ ತುಂಬ ಕೂರುವ ಪೆಟ್ಟಿಗೆಗಳು! ಅದರ ಬಿಡಿಭಾಗಗಳನ್ನು ಚಿಕ್ಕದು ಮಾಡುವುದರಲ್ಲಿ ಲಿಯರ್ ಅವರಿಗೆ ವಿಶೇಷ ಆಸಕ್ತಿ. ಇದೇ ಅವರನ್ನು ಪಾಲ್ ಗಾಲ್ವಿನ್ ಎಂಬ ಉದ್ಯಮಿಯ ಬಳಿಗೆ ಕರೆದೊಯ್ದಿತು. 1930ರ ಸುಮಾರಿಗೆ ಇವರು ಮತ್ತು ಇವರ ಜೊತೆಗಾರರು ಕಾರಿನಲ್ಲಿ ಕೂರಿಸಬಹುದಾದ ರೇಡಿಯೊವನ್ನು ರೂಪಿಸಿದರು. ಗಾಲ್ವಿನ್ ಅವರು ಅದಕ್ಕೆ ಮೊಟೊರೋಲ ಎಂದು ಹೆಸರಿಟ್ಟರು. ಮುಂದೆ ಅದೇ ಕಂಪನಿಯ ಹೆಸರೂ ಆಯಿತು. ಇರುವ ಜಾಗಕ್ಕೆ ಹೊಂದುವಂತೆ ವಸ್ತುವನ್ನು ಚಿಕ್ಕದಾಗಿಸುವ ಈ ಪಾಠವನ್ನು ಲಿಯರ್ ಎಂದಿಗೂ ಮರೆಯಲಿಲ್ಲ.

ಆಕಾಶದಲ್ಲಿ ದಾರಿ ತೋರುವ ಯಂತ್ರ

1931ರಲ್ಲಿ ಲಿಯರ್ ಒಂದು ಪುಟ್ಟ ವಿಮಾನವನ್ನು ಕೊಂಡರು. ಅದನ್ನು ಹಾರಿಸತೊಡಗಿದಾಗ ಒಂದು ಕಷ್ಟ ಅರಿವಿಗೆ ಬಂತು. ನೆಲದ ಮೇಲೆ ದಾರಿ ತಪ್ಪಿದರೆ ಯಾರನ್ನಾದರೂ ಕೇಳಬಹುದು. ಆಕಾಶದಲ್ಲಿ ಯಾರನ್ನು ಕೇಳುವುದು? ಆದ್ದರಿಂದ ಅವರು ರೇಡಿಯೊ ಅಲೆಗಳಿಂದ ದಿಕ್ಕು ಕಂಡುಹಿಡಿಯುವ ಉಪಕರಣಗಳನ್ನು ತಯಾರಿಸಲು ತೊಡಗಿದರು. ನೆಲದ ಮೇಲಿನ ರೇಡಿಯೊ ಕೇಂದ್ರದಿಂದ ಬರುವ ಅಲೆ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿದರೆ, ಪೈಲಟ್ ಆ ದಿಕ್ಕಿಗೆ ವಿಮಾನವನ್ನು ತಿರುಗಿಸಬಹುದು.

ಮುಂದೆ ಅವರು ಜೆಟ್ ವಿಮಾನಗಳಿಗೆ ಆಟೋಪೈಲಟ್ ತಯಾರಿಸಿದರು. ಪೈಲಟ್ ಹಿಡಿಗೋಲನ್ನು ಹಿಡಿಯದಿದ್ದರೂ ವಿಮಾನ ಅತ್ತಿತ್ತ ವಾಲದೆ ನೆಟ್ಟಗೆ ಸಾಗುವಂತೆ ನೋಡಿಕೊಳ್ಳುವ ಯಂತ್ರ ಇದು. ಈ ಕೆಲಸಕ್ಕಾಗಿ 1949ನೇ ಸಾಲಿನ ಕೊಲಿಯರ್ ಟ್ರೋಫಿ ಅವರಿಗೆ ದೊರೆಯಿತು. ವಾಯುಯಾನ ಕ್ಷೇತ್ರದಲ್ಲಿ ಅಮೆರಿಕ ನೀಡುವ ಬಹು ದೊಡ್ಡ ಗೌರವಗಳಲ್ಲಿ ಇದೊಂದು. ಎಂಟನೆಯ ತರಗತಿಗೆ ಶಾಲೆ ಬಿಟ್ಟವರ ಹೆಸರಿನಲ್ಲಿ ಕೊನೆಗೆ ನೂರಕ್ಕೂ ಹೆಚ್ಚು ಪೇಟೆಂಟ್‌ಗಳಿದ್ದವು. ಪೇಟೆಂಟ್ ಎಂದರೆ ಹೊಸ ಸಾಧನವನ್ನು ಕಂಡುಹಿಡಿದವರಿಗೆ ಸರ್ಕಾರ ಕೊಡುವ ಹಕ್ಕುಪತ್ರ.

ಇಷ್ಟರಲ್ಲಿ ಲಿಯರ್ ಶ್ರೀಮಂತರಾಗಿದ್ದರು. ಬೇರೆ ಯಾರಾದರೂ ಆಗಿದ್ದರೆ ಹಾಯಾಗಿ ಕುಳಿತುಬಿಡುತ್ತಿದ್ದರೇನೋ. ಅವರು ಕೂರಲಿಲ್ಲ.

ಯಾರಿಗೆ ಎಂಥ ವಿಮಾನ?

1950ರ ದಶಕದ ಕೊನೆಗೆ ಕಂಪನಿಗಳಿಗಾಗಿ ಜೆಟ್ ವಿಮಾನಗಳು ಬರತೊಡಗಿದವು. 1957ರಲ್ಲಿ ಲಾಕ್‌ಹೀಡ್ ಕಂಪನಿಯ ಜೆಟ್‌ಸ್ಟಾರ್ ಹಾರಿತು. ಮರುವರ್ಷ ಸೇಬರ್‌ಲೈನರ್ ಬಂತು. 1962ರಲ್ಲಿ ಬ್ರಿಟನ್ನಿನ ಡಿ ಹ್ಯಾವಿಲೆಂಡ್ 125, 1963ರಲ್ಲಿ ಫ್ರಾನ್ಸಿನ ಮಿಸ್ಟೇರ್ 20 ಹಾರಿದವು. ಕೊಳ್ಳುವವರ ಮುಂದೆ ಈಗ ಒಂದಲ್ಲ, ಹಲವು ವಿಮಾನಗಳು! ಯಾವುದನ್ನು ಆರಿಸುವುದು?

ಲಿಯರ್ ಅವರು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ನೋಡಿದರು. ಕಂಪನಿಯ ವಿಮಾನಗಳಲ್ಲಿ ಸಾಮಾನ್ಯವಾಗಿ ಎಷ್ಟು ಜನ ಹೋಗುತ್ತಾರೆ? ನಾಲ್ಕೋ ಐದೋ ಜನ. ಎಷ್ಟು ಹೊತ್ತಿನ ಪ್ರಯಾಣ? ಹೆಚ್ಚಿನವು ಎರಡು ಮೂರು ಗಂಟೆಯವು. ಅಷ್ಟಕ್ಕೆ ನಾಲ್ಕು ಎಂಜಿನ್‌ಗಳ ದೊಡ್ಡ ಜೆಟ್‌ಸ್ಟಾರ್ ಏಕೆ ಬೇಕು? ಒಳಗೆ ಎದ್ದು ನಿಲ್ಲುವಷ್ಟು ಎತ್ತರ ಏಕೆ ಬೇಕು? ಕಾರಿನಲ್ಲಿ ನಾವು ಕುಳಿತೇ ಹೋಗುತ್ತೇವಲ್ಲ! ಹೀಗಿತ್ತು ಅವರ ಯೋಚನೆ.

ಇಲ್ಲಿ ಒಂದು ವಿಜ್ಞಾನದ ವಿಷಯವನ್ನು ನೀವು ತಿಳಿಯಬೇಕು. ವಿಮಾನದ ಒಳಗನ್ನು ದೊಡ್ಡದು ಮಾಡಿದರೆ ತೂಕ ಹೆಚ್ಚುತ್ತದೆ. ತೂಕ ಹೆಚ್ಚಿದರೆ ದೊಡ್ಡ ರೆಕ್ಕೆ ಬೇಕು. ದೊಡ್ಡ ರೆಕ್ಕೆಯನ್ನೂ ದೊಡ್ಡ ಒಡಲನ್ನೂ ಗಾಳಿಯಲ್ಲಿ ತಳ್ಳಲು ಬಲವಾದ ಎಂಜಿನ್ ಬೇಕು. ಬಲವಾದ ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ. ಆ ಇಂಧನವನ್ನೂ ವಿಮಾನವೇ ಹೊರಬೇಕು. ಆಗ ತೂಕ ಇನ್ನೂ ಹೆಚ್ಚುತ್ತದೆ! ಒಂದು ಕಿಲೋಗ್ರಾಂ ಸೇರಿಸಲು ಹೋದರೆ ಅದು ತನ್ನ ಬಂಧುಬಳಗವನ್ನೆಲ್ಲ ಕರೆತರುತ್ತದೆ. ಒಂದು ಕಿಲೋಗ್ರಾಂ ಕಡಿಮೆ ಮಾಡಿದರೆ ಬಂಧುಬಳಗವೂ ಕಡಿಮೆಯಾಗುತ್ತದೆ. ಲಿಯರ್ ಹಿಡಿದದ್ದು ಈ ಎರಡನೆಯ ದಾರಿ.

ಆದರೆ ಅವರದೇ ಕಂಪನಿಯ ನಿರ್ದೇಶಕರು ಈ ದಾರಿಗೆ ಒಪ್ಪಲಿಲ್ಲ. ಜೆಟ್ ತಯಾರಿಕೆಗೆ ಬಹಳ ಹಣ ಬೇಕು, ಅದು ಮುಳುಗಿದರೆ ಕಂಪನಿಯೂ ಮುಳುಗುತ್ತದೆ ಎಂಬ ಹೆದರಿಕೆ ಅವರಿಗೆ. 1962ರಲ್ಲಿ ಲಿಯರ್ ತಾವೇ ಕಟ್ಟಿ ಬೆಳೆಸಿದ ಕಂಪನಿಯಲ್ಲಿದ್ದ ತಮ್ಮ ಪಾಲನ್ನು ಮಾರಿ ಹೊರಬಂದರು. ಆಗ ಅವರ ವಯಸ್ಸು ಅರವತ್ತು. ನಮ್ಮಲ್ಲಿ ಅನೇಕರು ನಿವೃತ್ತರಾಗುವ ವಯಸ್ಸು!

ಸ್ವಿಟ್ಜರ್‌ಲೆಂಡಿನಿಂದ ವಿಚಿಟಾಗೆ

ಲಿಯರ್ ಮೊದಲು ಸ್ವಿಟ್ಜರ್‌ಲೆಂಡಿನಲ್ಲಿ ಕೆಲಸ ಆರಂಭಿಸಿದ್ದರು. ಆ ದೇಶದಲ್ಲಿ ಪಿ-16 ಎಂಬ ಯುದ್ಧವಿಮಾನವನ್ನು ರೂಪಿಸಿದ್ದರು. ಅದರ ತಯಾರಿಕೆಯನ್ನು ಸರ್ಕಾರ ಕೈಬಿಟ್ಟಿತ್ತು. ಗಟ್ಟಿಯಾದ ಆ ರೆಕ್ಕೆಯ ವಿನ್ಯಾಸ ಲಿಯರ್ ಅವರ ಕಣ್ಣಿಗೆ ಬಿತ್ತು. ಬೇಡವೆಂದು ಬಿಟ್ಟದ್ದರಲ್ಲಿಯೂ ಬೇಕಾದದ್ದು ಇರುತ್ತದೆ ಎಂದು ಅವರಿಗೆ ತಿಳಿದಿತ್ತು. ಆದರೆ ಅಲ್ಲಿ ಕೆಲಸ ನಿಧಾನವಾಗಿ ಸಾಗಿತು. 1962ರಲ್ಲಿ ಅವರು ಎಲ್ಲವನ್ನೂ ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರಕ್ಕೆ ಸಾಗಿಸಿದರು. ನಮ್ಮ ಬೆಂಗಳೂರಿನ ಹಾಗೆ ವಿಚಿಟಾ ಕೂಡ ವಿಮಾನ ಕಾರ್ಖಾನೆಗಳ ಊರು.

ಸಾಮಾನ್ಯವಾಗಿ ವಿಮಾನ ತಯಾರಕರು ಮೊದಲು ಕೈಯಿಂದ ಒಂದು ಮಾದರಿಯನ್ನು ಮಾಡುತ್ತಾರೆ. ಅದನ್ನು ಹಾರಿಸಿ ನೋಡಿ, ತಪ್ಪುಗಳನ್ನು ತಿದ್ದಿದ ಬಳಿಕ ಕಾರ್ಖಾನೆಯ ಅಚ್ಚುಗಳನ್ನು ತಯಾರಿಸುತ್ತಾರೆ. ಲಿಯರ್ ಹಾಗೆ ಮಾಡಲಿಲ್ಲ. ಮೊದಲೇ ಅಚ್ಚುಗಳನ್ನು ಮಾಡಿಸಿ, ಅವುಗಳಿಂದಲೇ ಮೊದಲ ವಿಮಾನವನ್ನು ತೆಗೆದರು. ಸಮಯ ಉಳಿಯಿತು. ಆದರೆ ವಿನ್ಯಾಸದಲ್ಲಿ ದೊಡ್ಡ ತಪ್ಪಿದ್ದರೆ ಅಚ್ಚುಗಳೆಲ್ಲ ಗುಜರಿಗೆ ಹೋಗುತ್ತಿದ್ದವು!

1963ರ ಅಕ್ಟೋಬರ್ 7ರಂದು ಲಿಯರ್‌ಜೆಟ್ 23 ಮೊದಲ ಬಾರಿಗೆ ಹಾರಿತು. ಎರಡು ಪುಟ್ಟ ಜೆಟ್ ಎಂಜಿನ್‌ಗಳು ಬಾಲದ ಬಳಿ ಇದ್ದವು. ಒಳಗಿನ ಎತ್ತರ ಸುಮಾರು 1.3 ಮೀಟರ್. ಏಳನೆಯ ತರಗತಿಯ ನಿಮ್ಮಲ್ಲಿ ಹಲವರು ಕೂಡ ಅದರೊಳಗೆ ತಲೆ ಬಗ್ಗಿಸಿಯೇ ನಡೆಯಬೇಕು! ಇಂಧನ, ಜನ, ಸಾಮಾನು ಎಲ್ಲ ಸೇರಿ ಏರುವಾಗಿನ ಅದರ ಗರಿಷ್ಠ ತೂಕ 5,670 ಕಿಲೋಗ್ರಾಂ. ಈ ಸಂಖ್ಯೆಯ ಹಿಂದೆ ಒಂದು ಜಾಣತನವಿತ್ತು. ಅಷ್ಟು ತೂಕದವರೆಗಿನ ವಿಮಾನಗಳಿಗೆ ಅಮೆರಿಕದಲ್ಲಿ ಸಣ್ಣ ವಿಮಾನಗಳ ನಿಯಮಗಳು ಅನ್ವಯಿಸುತ್ತಿದ್ದವು. ಅವು ದೊಡ್ಡ ವಿಮಾನಗಳ ನಿಯಮಗಳಿಗಿಂತ ಸರಳವಾಗಿದ್ದವು. ಜೆಟ್‌ಸ್ಟಾರ್ ಇದರ ಮೂರು ಪಟ್ಟಿಗಿಂತ ಹೆಚ್ಚು ಭಾರವಾಗಿತ್ತು. ಬೆಲೆಯಲ್ಲಿಯೂ ಲಿಯರ್‌ಜೆಟ್ ಅದರ ಅರ್ಧದಷ್ಟೂ ಇರಲಿಲ್ಲ. ಆದರೆ ವೇಗದಲ್ಲಿ ಹಿಂದೆ ಬೀಳಲಿಲ್ಲ. ಗಂಟೆಗೆ ಸುಮಾರು 850 ಕಿಲೋಮೀಟರ್ ಹೋಗುತ್ತಿತ್ತು.

ಹೊಲದಲ್ಲಿ ಉರಿದ ವಿಮಾನ

ಹೊಸ ವಿಮಾನವನ್ನು ಮಾರಬೇಕಾದರೆ ಅದು ಸುರಕ್ಷಿತ ಎಂಬ ಸರ್ಕಾರದ ಪ್ರಮಾಣಪತ್ರ ಬೇಕು. ಅದಕ್ಕಾಗಿ ಪರೀಕ್ಷೆಗಳು ನಡೆಯುತ್ತಿದ್ದವು. 1964ರ ಜೂನ್ 4ರಂದು ಸರ್ಕಾರದ ಪೈಲಟ್ ಕೂಡ ವಿಮಾನದಲ್ಲಿದ್ದರು. ಏರುವಾಗ ಒಂದು ಎಂಜಿನ್ ಕೆಟ್ಟರೆ ವಿಮಾನ ಹೇಗೆ ವರ್ತಿಸುತ್ತದೆ ಎಂಬುದೇ ಅಂದಿನ ಪರೀಕ್ಷೆ. ರೆಕ್ಕೆಗಳ ಮೇಲೆ ಸ್ಪಾಯ್ಲರ್ ಎಂಬ ಹಲಗೆಗಳಿರುತ್ತವೆ. ಇಳಿಯುವಾಗ ಅವನ್ನು ಮೇಲಕ್ಕೆತ್ತಿದರೆ ರೆಕ್ಕೆಯ ಎತ್ತುವ ಬಲ ಕುಗ್ಗುತ್ತದೆ. ಏರುವಾಗ ಅವು ಮಲಗಿರಬೇಕು. ಅಂದು ಅವು ಎದ್ದೇ ಇದ್ದವು. ಯಾರೂ ಗಮನಿಸಲಿಲ್ಲ. ವಿಮಾನ ಮೇಲೇರಲಾರದೆ ಹೊಲದಲ್ಲಿ ಬಿತ್ತು. ಪೈಲಟ್‌ಗಳಿಬ್ಬರೂ ಹೊರಬಂದು ಬದುಕಿಕೊಂಡರು. ಇಂಧನ ಸೋರಿ ಬೆಂಕಿ ಹತ್ತಿಕೊಂಡಿತು. ಮೊದಲ ಲಿಯರ್‌ಜೆಟ್ ಸುಟ್ಟುಹೋಯಿತು.

ಲಿಯರ್ ಅವರ ಸ್ಥಿತಿಯನ್ನು ಊಹಿಸಿಕೊಳ್ಳಿ. ಹಣವೆಲ್ಲ ಈ ವಿಮಾನದಲ್ಲಿತ್ತು. ಇನ್ನೂ ಒಂದು ವಿಮಾನವನ್ನೂ ಗ್ರಾಹಕರಿಗೆ ಕೊಟ್ಟಿರಲಿಲ್ಲ. ಆದರೆ ತನಿಖೆಯಲ್ಲಿ ವಿಮಾನದ ವಿನ್ಯಾಸದಲ್ಲಿ ತಪ್ಪಿಲ್ಲ, ಸ್ಪಾಯ್ಲರ್‌ಗಳನ್ನು ಮಲಗಿಸದೆ ಏರಿದ್ದೇ ಕಾರಣ ಎಂದು ತಿಳಿಯಿತು. ವಿಮೆಯ ಹಣ ಬಂದು ಕಂಪನಿಗೆ ಉಸಿರು ಬಂತು. ಎರಡನೆಯ ವಿಮಾನ ಆಗಲೇ ಸಿದ್ಧವಿತ್ತು. ಪರೀಕ್ಷೆಗಳು ಮುಂದುವರಿದವು. ಅಪಘಾತವಾಗಿ ಎರಡು ತಿಂಗಳು ಕಳೆಯುವ ಮೊದಲೇ, ಜುಲೈ 31ರಂದು, ಪ್ರಮಾಣಪತ್ರ ಕೈಸೇರಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೊದಲ ಗ್ರಾಹಕರಿಗೆ ವಿಮಾನ ಹೋಯಿತು.

ಮಕ್ಕಳೇ, ಪೈಲಟ್‌ಗಳು ಏರುವ ಮೊದಲು ಒಂದು ಪಟ್ಟಿಯನ್ನು ಹಿಡಿದು ಒಂದೊಂದನ್ನೇ ಪರೀಕ್ಷಿಸುತ್ತಾರೆ. ಎಷ್ಟು ಅನುಭವವಿದ್ದರೂ ಈ ಪಟ್ಟಿಯನ್ನು ಬಿಡುವಂತಿಲ್ಲ. ಏಕೆಂದು ನಿಮಗೆ ಈಗ ಗೊತ್ತಾಯಿತಲ್ಲವೇ?

1966ರಲ್ಲಿ ಲಿಯರ್‌ಜೆಟ್ 24 ಎಂಬ ಮುಂದಿನ ಮಾದರಿ ಭೂಮಿಯನ್ನೇ ಒಂದು ಸುತ್ತು ಹಾಕಿತು. ಇಂಧನ ತುಂಬಿಸಲು ಅಲ್ಲಲ್ಲಿ ಇಳಿಯುತ್ತ ಹೋದ ಆ ವಿಮಾನ ಗಾಳಿಯಲ್ಲಿದ್ದದ್ದು 50 ಗಂಟೆ 20 ನಿಮಿಷ. ಲಿಯರ್‌ಜೆಟ್ ಎಂಬ ಹೆಸರು ಎಷ್ಟು ಪ್ರಸಿದ್ಧವಾಯಿತೆಂದರೆ, ಯಾವ ಕಂಪನಿಯ ಪುಟ್ಟ ಜೆಟ್ಟನ್ನು ಕಂಡರೂ ಜನ ಲಿಯರ್‌ಜೆಟ್ ಎನ್ನತೊಡಗಿದರು. ಆದರೆ ಕಾರ್ಖಾನೆಗೆ ಹಣದ ಮುಗ್ಗಟ್ಟು ಬಂತು. 1967ರಲ್ಲಿ ಲಿಯರ್ ತಮ್ಮ ಪಾಲನ್ನು ಗೇಟ್ಸ್ ರಬ್ಬರ್ ಕಂಪನಿಗೆ ಮಾರಿದರು.

ಲೆಕ್ಕ ಬದಲಾಯಿತು

ಕೆಲವು ವರ್ಷ ಲಿಯರ್ ಉಗಿಯಿಂದ ಓಡುವ ಕಾರು, ಬಸ್ಸುಗಳ ಬೆನ್ನು ಹತ್ತಿದರು. ಬಹಳ ಹಣ ಖರ್ಚಾಯಿತು, ಕೆಲಸ ಕೈಗೂಡಲಿಲ್ಲ. ಮತ್ತೆ ವಿಮಾನಕ್ಕೆ ಮರಳಿದರು.

ಅಷ್ಟರಲ್ಲಿ ಟರ್ಬೊಫ್ಯಾನ್ ಎಂಬ ಹೊಸ ಬಗೆಯ ಎಂಜಿನ್‌ಗಳು ಬಂದಿದ್ದವು. ಹಳೆಯ ಜೆಟ್ ಎಂಜಿನ್ ಸ್ವಲ್ಪ ಗಾಳಿಯನ್ನು ಬಹಳ ವೇಗವಾಗಿ ಹಿಂದಕ್ಕೆ ಚಿಮ್ಮಿಸುತ್ತದೆ. ಟರ್ಬೊಫ್ಯಾನ್‌ನಲ್ಲಿ ಮುಂದೆ ಒಂದು ದೊಡ್ಡ ಪಂಖವಿರುತ್ತದೆ. ಅದು ಹೆಚ್ಚು ಗಾಳಿಯನ್ನು ಅಷ್ಟು ರಭಸವಿಲ್ಲದೆ ಹಿಂದಕ್ಕೆ ತಳ್ಳುತ್ತದೆ. ಇದರಿಂದ ಇಂಧನ ಉಳಿಯುತ್ತದೆ, ಸದ್ದೂ ಕಡಿಮೆ. ಇಂಥ ಎಂಜಿನ್‌ಗಳನ್ನಿಟ್ಟು ಬಹು ದೂರ ಹಾರಬಲ್ಲ ಲಿಯರ್‌ಸ್ಟಾರ್ 600 ಎಂಬ ಹೊಸ ಜೆಟ್ಟಿನ ಕಲ್ಪನೆಯನ್ನು ಲಿಯರ್ ರೂಪಿಸಿದರು. 1976ರಲ್ಲಿ ಕೆನಡಾ ದೇಶದ ಕೆನಡೇರ್ ಕಂಪನಿ ಅದರ ಹಕ್ಕನ್ನು ಕೊಂಡಿತು.

ಕೆನಡೇರ್‌ನ ಎಂಜಿನಿಯರ್‌ಗಳು ಒಂದು ಬದಲಾವಣೆ ಮಾಡಿದರು. ವಿಮಾನದ ಒಡಲನ್ನು ಅಗಲ ಮಾಡಿದರು. ಒಳಗಿನ ಎತ್ತರ ಸುಮಾರು 1.85 ಮೀಟರ್ ಆಯಿತು. ದೊಡ್ಡವರೂ ನೆಟ್ಟಗೆ ನಿಂತು ನಡೆಯಬಹುದು. ಲಿಯರ್ ಅವರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ತೂಕದ ಬಂಧುಬಳಗ ಮತ್ತೆ ಒಳಗೆ ಬಂತಲ್ಲ ಎಂಬ ಕೋಪ ಅವರದು. ಆದರೆ ಕೆನಡೇರ್‌ನವರ ಲೆಕ್ಕವೇ ಬೇರೆ. ಎರಡು ಗಂಟೆ ಕುಳಿತಿರುವುದು ಸುಲಭ. ಏಳೆಂಟು ಗಂಟೆ ಕುಳಿತೇ ಇರುವುದು ಸುಲಭವೇ? ದೂರ ಹೆಚ್ಚಾದಾಗ ಎದ್ದು ನಿಲ್ಲುವ ಜಾಗ ಆಡಂಬರವಲ್ಲ, ಅಗತ್ಯ.

ಚಾಲೆಂಜರ್ ಎಂಬ ಹೆಸರಿನಿಂದ ಆ ವಿಮಾನ 1978ರ ನವೆಂಬರ್ 8ರಂದು ಹಾರಿತು. ಅದನ್ನು ನೋಡಲು ಲಿಯರ್ ಇರಲಿಲ್ಲ. ಅದೇ ವರ್ಷದ ಮೇ 14ರಂದು ಅವರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಚಾಲೆಂಜರ್ ಮಾತ್ರ ಗೆದ್ದಿತು. ಅದರ ವಂಶದ ವಿಮಾನಗಳು ಇಂದಿಗೂ ಹಾರುತ್ತಿವೆ.

ಕೊನೆಯ ದಿನಗಳಲ್ಲಿ ಲಿಯರ್ ಇನ್ನೊಂದು ವಿಮಾನದ ಕೆಲಸದಲ್ಲಿದ್ದರು. ಅದು ಲೋಹದ್ದಲ್ಲ, ಹಗುರವಾದ ಇಂಗಾಲದ ಎಳೆಗಳಿಂದ ಮಾಡಿದ್ದು. ಹೆಸರು ಲಿಯರ್ ಫ್ಯಾನ್. ಅದನ್ನು ಪೂರ್ಣಗೊಳಿಸುವಂತೆ ಪತ್ನಿ ಮೋಯಾ ಅವರಿಗೆ ಹೇಳಿಹೋಗಿದ್ದರು. ಮೋಯಾ ಮಾತು ಉಳಿಸಿಕೊಂಡರು. 1981ರ ಜನವರಿ 1ರಂದು ಆ ವಿಮಾನ ಹಾರಿತು. ಮೂರು ವಿಮಾನಗಳಷ್ಟೇ ತಯಾರಾಗಿ, 1985ರಲ್ಲಿ ಕಂಪನಿ ಮುಚ್ಚಿತು. ಆದರೆ ಇಂಗಾಲದ ಎಳೆಯ ವಿಮಾನಗಳು ಇಂದು ಸಾಮಾನ್ಯವಾಗಿವೆ.

ಮುಂದೆ ಲಿಯರ್‌ಜೆಟ್ ಮತ್ತು ಕೆನಡೇರ್ ಎರಡೂ ಬಂಬಾರ್ಡಿಯರ್ ಎಂಬ ಒಂದೇ ಕಂಪನಿಯ ಕೈಸೇರಿದವು. 3,000ಕ್ಕೂ ಹೆಚ್ಚು ಲಿಯರ್‌ಜೆಟ್‌ಗಳು ತಯಾರಾದ ಮೇಲೆ, 2022ರ ಮಾರ್ಚ್‌ನಲ್ಲಿ ಅವುಗಳ ತಯಾರಿಕೆ ನಿಂತಿತು. ಕೊಳ್ಳುವವರು ಹೆಚ್ಚಾಗಿ ಅಗಲವಾದ ಜೆಟ್‌ಗಳನ್ನೇ ಬಯಸತೊಡಗಿದ್ದರು. ಹಾಗೆಂದು ಲಿಯರ್ ಅವರ ಮೊದಲ ಲೆಕ್ಕ ತಪ್ಪಾಗಿತ್ತೇ? ಇಲ್ಲ. 1963ರ ಕೆಲಸಕ್ಕೆ ಅದು ಸರಿಯಾಗಿತ್ತು. ಕೆಲಸ ಬದಲಾದಾಗ ಲೆಕ್ಕವನ್ನೂ ಬದಲಿಸಬೇಕಿತ್ತು, ಅಷ್ಟೆ.

ಈಗ ನೀವೇ ಆರಿಸಿ

ನಿಮ್ಮ ಬಳಿ ಒಬ್ಬ ಮಾಲೀಕರು ಬಂದಿದ್ದಾರೆ ಎಂದುಕೊಳ್ಳಿ. ಯಾವ ಜೆಟ್ ಕೊಳ್ಳಲಿ ಎಂದು ಕೇಳುತ್ತಿದ್ದಾರೆ. ಹೊಳೆಯುವ ಬಣ್ಣ ನೋಡಿ ಉತ್ತರ ಹೇಳಬೇಡಿ. ಈ ನಾಲ್ಕು ಪ್ರಶ್ನೆಗಳನ್ನು ಕೇಳಿ.

ಒಂದು, ಸಾಮಾನ್ಯವಾಗಿ ಎಷ್ಟು ಜನ? ವರ್ಷಕ್ಕೊಮ್ಮೆ ಬರುವ ಹತ್ತು ಜನರಿಗಾಗಿ ದೊಡ್ಡ ವಿಮಾನ ಕೊಂಡರೆ ಉಳಿದ ದಿನಗಳಲ್ಲಿ ಖಾಲಿ ಆಸನಗಳನ್ನು ಹೊತ್ತು ಹಾರಬೇಕು.

ಎರಡು, ಎಷ್ಟು ದೂರ? ಬೆಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿಲೋಮೀಟರ್. ಇದಕ್ಕೆ ಚಿಕ್ಕ ಜೆಟ್ ಸಾಕು. ಸಿಂಗಪುರಕ್ಕೆ ಸುಮಾರು 3,200 ಕಿಲೋಮೀಟರ್. ಇದಕ್ಕೆ ಮಧ್ಯಮ ಗಾತ್ರದ ಜೆಟ್ ಒಳ್ಳೆಯದು. ಲಂಡನ್ನಿಗೆ ಸುಮಾರು 8,000 ಕಿಲೋಮೀಟರ್. ಮಧ್ಯಮ ಜೆಟ್ ಆದರೆ ದಾರಿಯಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕು. ಇನ್ನೊಂದು ಮಾತು. ತಲುಪುವ ಊರಿನಲ್ಲಿ ಮಂಜು ಮುಸುಕಿದ್ದರೆ ಬೇರೆ ಊರಿಗೆ ಹೋಗಿ ಇಳಿಯಬೇಕಾಗುತ್ತದೆ. ಅಷ್ಟು ಇಂಧನ ಯಾವಾಗಲೂ ಮಿಕ್ಕಿರಬೇಕು.

ಮೂರು, ರನ್‌ವೇ ಎಷ್ಟು ಉದ್ದ? ಎಚ್‌ಎಎಲ್ ನಿಲ್ದಾಣದ ರನ್‌ವೇ ಸುಮಾರು 3,300 ಮೀಟರ್ ಇದೆ. ಮೈಸೂರಿನದು 1,740 ಮೀಟರ್ ಮಾತ್ರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮೈಸೂರು 700 ಮೀಟರ್‌ಗಿಂತ ಮೇಲಿದೆ. ಎತ್ತರದ ಊರುಗಳಲ್ಲಿ ಗಾಳಿ ತೆಳು. ಬೇಸಗೆಯ ಮಧ್ಯಾಹ್ನ ಇನ್ನೂ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಬೇಗ ಸಿಗುವುದಿಲ್ಲ. ವಿಮಾನ ಹೆಚ್ಚು ದೂರ ಓಡಬೇಕು. ಸಮುದ್ರದ ಬದಿಯ ಊರಿನಲ್ಲಿ 1,500 ಮೀಟರ್ ಸಾಕಾಗುವ ಜೆಟ್ಟಿಗೆ ಇಲ್ಲಿ ಅಷ್ಟು ಸಾಲದು. ಆಗ ಇಂಧನವನ್ನೋ ಜನರನ್ನೋ ಕಡಿಮೆ ಮಾಡಬೇಕು.

ನಾಲ್ಕು, ಕೊಂಡ ಮೇಲಿನ ಖರ್ಚೆಷ್ಟು? ಇಂಧನ, ಪೈಲಟ್‌ಗಳ ಸಂಬಳ, ನಿಲ್ಲಿಸುವ ಜಾಗ, ತಪ್ಪದೆ ಮಾಡಿಸಬೇಕಾದ ದುರಸ್ತಿ. ವಿಮಾನ ನಿಂತಿದ್ದರೂ ಈ ಖರ್ಚುಗಳಲ್ಲಿ ಹಲವು ನಿಲ್ಲುವುದಿಲ್ಲ.

ಈ ನಾಲ್ಕಕ್ಕೂ ಉತ್ತರ ಬಂದರೆ ಆಯ್ಕೆ ಅರ್ಧ ಮುಗಿದ ಹಾಗೆ. ಎಲ್ಲದರಲ್ಲಿಯೂ ಮೊದಲನೆಯದಾದ ವಿಮಾನ ಜಗತ್ತಿನಲ್ಲಿ ಇಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಸ್ವಲ್ಪ ಬಿಡಬೇಕು. ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂದು ತಿಳಿಯುವುದೇ ಎಂಜಿನಿಯರಿಂಗ್.

ಮಾಡಿ ನೋಡಿ

ಒಂದೇ ಅಳತೆಯ ಎರಡು ಹಾಳೆಗಳಿಂದ ಒಂದೇ ರೀತಿಯ ಎರಡು ಕಾಗದದ ವಿಮಾನಗಳನ್ನು ಮಾಡಿ. ಒಂದರ ನಡುಭಾಗಕ್ಕೆ ಒಂದು ಗುಂಡುಪಿನ್ನನ್ನೂ ಇನ್ನೊಂದಕ್ಕೆ ಐದು ಗುಂಡುಪಿನ್ನುಗಳನ್ನೂ ಸಿಕ್ಕಿಸಿ. ಶಾಲೆಯ ಅಂಗಳದಲ್ಲಿ ಒಂದೇ ಎತ್ತರದಿಂದ, ಒಂದೇ ಬಲದಿಂದ ಎಸೆಯಿರಿ. ಎದುರಿಗೆ ಯಾರೂ ಇಲ್ಲದಂತೆ ನೋಡಿಕೊಳ್ಳಿ. ಪ್ರತಿಯೊಂದನ್ನೂ ಐದು ಸಲ ಎಸೆದು, ಹೋದ ದೂರವನ್ನು ಹೆಜ್ಜೆಗಳಿಂದ ಅಳೆದು ಬರೆದುಕೊಳ್ಳಿ. ಆಮೇಲೆ ಪಿನ್ನುಗಳನ್ನು ಮೂತಿಯ ಕಡೆಗೆ ಸರಿಸಿ ಮತ್ತೆ ಎಸೆಯಿರಿ. ತೂಕ ಎಷ್ಟು ಎಂಬುದರ ಜೊತೆಗೆ ತೂಕ ಎಲ್ಲಿದೆ ಎಂಬುದರಿಂದಲೂ ಹಾರಾಟ ಬದಲಾಗುತ್ತದೆಯೇ? ನೀವು ಕಂಡದ್ದನ್ನು ತರಗತಿಯಲ್ಲಿ ಚರ್ಚಿಸಿ.